ನೋವಾ ಬೇರೆ, ನೋಹ ಬೇರೆ

ಆಫೀಸಿನ ಇಸ್ರೇಲಿ ಗೆಳೆಯರು ಮಗಳಿಗೆ ನೋವಾ ಅಂತ ಹೆಸರಿಟ್ಟಿದ್ದಾರೆ, ಅದು ಬೈಬಲಿನ ಪ್ರಳಯದ ಕಥೆಯಲ್ಲಿ ನಾವೆ ಕಟ್ಟಿದ ನೋಹನ ಹೆಸರಲ್ವಾ, ಹುಡುಗಿಗೆ ಯಾಕಿಟ್ರು ಅಂತ ಕೇಳಿದ್ದೀರಿ. ಅಲ್ಲ, ಎರಡೂ ಬೇರೆ ಬೇರೆ. ನೋವಾ ಅಪ್ಪಟ ಹೆಣ್ಣುಮಕ್ಕಳ ಹೆಸರು. 2000ದ ನಂತರ ಎಷ್ಟೋ ವರ್ಷ ಇಸ್ರೇಲಿನಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಇಟ್ಟಿದ್ದು ಇದನ್ನೇ.

ಹೀಬ್ರೂನಲ್ಲಿ ಬರೆದರೆ ಗೊಂದಲವೇ ಇರಲ್ಲ. ನೋವಾ ಅಂದರೆ ನುನ್, ಅಯಿನ್, ಹೇ, ಮೂರು ಅಕ್ಷರ. ನೋಹನಿಗೆ ನುನ್, ಖೇತ್ ಎರಡೇ, ಕೊನೆಯಲ್ಲಿ ಗಂಟಲಿಂದ ಬರುವ ಒಂದು ಸದ್ದು. ನೋಹನ ಹೆಸರನ್ನು ವಿಶ್ರಾಂತಿಗೆ ಜೋಡಿಸ್ತಾರೆ, ನೋವಾ ಹೆಸರನ್ನು ಚಲನೆಗೆ. ಈಗಲೂ ಅಲ್ಲಿ ರಸ್ತೆಯ ಟ್ರಾಫಿಕ್‌ಗೆ ಹೇಳುವ 'ತ್ನುಆ' ಅದೇ ಧಾತುವಿನದು. ಇಂಗ್ಲಿಷಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ, ಅದಕ್ಕೇ ಈ ಪ್ರಶ್ನೆ ಬರೋದು.

ಆದರೆ ನನಗೆ ಅರ್ಥಕ್ಕಿಂತ ಆ ಹೆಸರಿನ ಹುಡುಗಿಯೇ ಇಷ್ಟ. ಬೈಬಲಿನ ಅರಣ್ಯಕಾಂಡ 27ನೇ ಅಧ್ಯಾಯ ಓದಿ. ಇಸ್ರೇಲರ ಕುಲಗಳಲ್ಲೊಂದಾದ ಮನಸ್ಸೆ ಕುಲದ ಚಲ್ಪಹಾದ ಅನ್ನೋನು ತೀರಿಕೊಂಡಿದ್ದಾನೆ, ಗಂಡುಮಕ್ಕಳಿಲ್ಲ, ಐವರು ಹೆಣ್ಣುಮಕ್ಕಳು, ಅವರಲ್ಲಿ ಒಬ್ಬಳು ನೋವಾ. ಈ ಐವರೂ ದೇವರ ಆರಾಧನೆಯ ಗುಡಾರದ ಬಾಗಿಲಿಗೆ ಬಂದು ಇಸ್ರೇಲರ ನಾಯಕ ಮೋಶೆ, ಯಾಜಕ, ಕುಲದ ಮುಖಂಡರು, ಇಡೀ ಜನ ಎಲ್ಲರೆದುರು ನಿಂತು ಕೇಳ್ತಾರೆ: ಗಂಡುಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೂ ಆಸ್ತಿಯಲ್ಲಿ ಪಾಲು ಕೊಡಿ. ಮೋಶೆಗೆ ಉತ್ತರ ಗೊತ್ತಿಲ್ಲ, ದೇವರನ್ನೇ ಕೇಳ್ತಾನೆ. ಅವರು ಹೇಳಿದ್ದು ಸರಿ ಅಂತ ತೀರ್ಪು ಬರುತ್ತೆ. ಆಮೇಲೆ 36ನೇ ಅಧ್ಯಾಯದಲ್ಲಿ ಇವರು ಬೇರೆ ಕುಲದವರನ್ನು ಮದುವೆಯಾದರೆ ಜಮೀನು ಆ ಕುಲಕ್ಕೆ ಹೋಗುತ್ತೆ ಅಂತ ನೆಂಟರು ತಕರಾರು ಎತ್ತಿ, ಇವರು ತಮ್ಮ ಕುಲದೊಳಗೇ ಮದುವೆಯಾಗಬೇಕು ಅಂತ ಷರತ್ತು ಬೀಳುತ್ತೆ ನಿಜ. ಆದರೂ ಆಸ್ತಿಯ ಪಾಲನ್ನು ಬಾಯಿಬಿಟ್ಟು ಕೇಳಿ ಪಡೆದ ಹೆಣ್ಣುಮಕ್ಕಳು ಅವರು, ಅಷ್ಟು ಹಳೆಯ ಗ್ರಂಥದಲ್ಲಿ ಐವರ ಹೆಸರೂ ಒಂದೊಂದಾಗಿ ಉಳಿದಿದೆ ಅನ್ನೋದು ಸಣ್ಣ ಮಾತಲ್ಲ.

ಇನ್ನೊಂದು ವಿಷಯ. 1910ರಲ್ಲಿ ಪ್ರಾಚೀನ ಇಸ್ರೇಲ್ ರಾಜ್ಯದ ರಾಜಧಾನಿಯಾಗಿದ್ದ ಸಮಾರ್ಯದಲ್ಲಿ ಅಗೆದಾಗ ಮಡಕೆ ಚೂರುಗಳು ಸಿಕ್ಕವು, ಕ್ರಿ.ಪೂ. 8ನೇ ಶತಮಾನದವು, ಮೇಲೆ ಮಸಿಯಲ್ಲಿ ಬರೆದ ವೈನ್, ಎಣ್ಣೆಯ ಲೆಕ್ಕ. ಅವುಗಳಲ್ಲಿ ನೋವಾ, ಅವಳ ತಂಗಿ ಹೊಗ್ಲಾ ಇಬ್ಬರ ಹೆಸರೂ ಇದೆ, ಮನಸ್ಸೆ ಸೀಮೆಯ ಪ್ರದೇಶಗಳ ಹೆಸರಾಗಿ! ಅಂದರೆ ಹೆಸರು ನೆಲಕ್ಕೂ ಅಂಟಿಕೊಂಡಿತ್ತು.

ಹಾಗಾಗಿ ಗೆಳೆಯರಿಗೆ ಶುಭಾಶಯ ಹೇಳುವಾಗ ನಾವೆ, ಪ್ರಳಯ ಅಂತೆಲ್ಲ ಹೇಳಬೇಡಿ. ಚಲ್ಪಹಾದನ ಮಗಳ ಹೆಸರು ಅಲ್ವಾ ಅಂತ ಕೇಳಿ, ಖುಷಿಪಡ್ತಾರೆ.