ಪೈಥಾನ್ ಜೊತೆಗೇ ಎಲ್ಲಾ ಟೂಲ್ ಯಾಕೆ ಬರುವುದಿಲ್ಲ?

ಪ್ರಶ್ನೆ: ಹಾಸನದ ಒಂದು ಪಾಲಿಟೆಕ್ನಿಕ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಲ್ಯಾಬ್‌ನಲ್ಲಿ ಇಂಟರ್ನೆಟ್ ಅಷ್ಟಕ್ಕಷ್ಟೇ. ಪೈಥಾನ್‌ನ 3.13 ಆವೃತ್ತಿ ಹಾಕಿದ ಮೇಲೆ ಹಳೇ ಮ್ಯಾನುಯಲ್‌ನ ಸಿಜಿಐ (ವೆಬ್ ಸರ್ವರ್‌ನಿಂದ ಪ್ರೋಗ್ರಾಂ ಓಡಿಸುವ ಹಳೇ ವಿಧಾನ) ಪ್ರೋಗ್ರಾಂ ಓಡುತ್ತಿಲ್ಲ. ವೆಬ್‌ನಿಂದ ಮಾಹಿತಿ ತರಲು ಎಲ್ಲರೂ ಬಳಸುವ ರಿಕ್ವೆಸ್ಟ್ಸ್ ಲೈಬ್ರರಿ ಅಂತೂ ಜೊತೆಗೆ ಬರುವುದೇ ಇಲ್ಲ. ಯಾವುದು ಇರಬೇಕು, ಯಾವುದು ಬೇಡ ಅಂತ ಹೇಗೆ ತೀರ್ಮಾನಿಸುತ್ತಾರೆ? ಲ್ಯಾಬ್‌ಗೆ ನಾನು ಏನು ಮಾಡಲಿ?

ಉತ್ತರ: ಮೇಡಂ, ತುಂಬಾ ಜನ ಬಳಸುತ್ತಾರೆ ಅನ್ನುವ ಕಾರಣ ಒಂದೇ ಸಾಲದು. ಒಮ್ಮೆ ಒಳಗೆ ಸೇರಿಸಿದರೆ, ಬರೆದವರು ಕೈಬಿಟ್ಟರೂ ಪೈಥಾನ್ ತಂಡವೇ ಅದನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಸಿಜಿಐ ಹೋಗಿದ್ದು ಅದಕ್ಕೇ. 2022ರಲ್ಲಿ ಬಂದ 3.11ರಿಂದಲೇ ಎಚ್ಚರಿಕೆ ತೋರಿಸುತ್ತಾ ಬಂದು, 2024ರ ಅಕ್ಟೋಬರ್‌ನ 3.13ರಲ್ಲಿ ಸಿಜಿಐ, ಟೆಲ್‌ನೆಟ್‌ಲಿಬ್ ಸೇರಿ 19 ಮಾಡ್ಯೂಲ್‌ಗಳನ್ನು (ಪೈಥಾನ್ ಜೊತೆ ಬರುವ ಸಿದ್ಧ ಕೋಡ್ ಭಾಗಗಳನ್ನು) ತೆಗೆದರು.

ರಿಕ್ವೆಸ್ಟ್ಸ್ ಕಥೆ ಬೇರೆ. ಪೈಥಾನ್‌ನ ಹೊಸ ಆವೃತ್ತಿ ಬರುವುದು ವರ್ಷಕ್ಕೊಮ್ಮೆ, ಅದನ್ನೂ ಲ್ಯಾಬ್‌ನವರು ಒಮ್ಮೆ ಹಾಕಿ ಮೂರ್ನಾಲ್ಕು ವರ್ಷ ಮುಟ್ಟುವುದಿಲ್ಲ, ಅಲ್ವಾ? ನೆಟ್‌ವರ್ಕ್ ಲೈಬ್ರರಿಯಲ್ಲಿ ಭದ್ರತೆಯ ದೋಷ ಸಿಕ್ಕರೆ ಅಷ್ಟು ಕಾಯೋಕಾಗಲ್ಲ. ಹೊರಗೇ ಇರಲಿ, ಬೇಗ ಬೇಗ ಬದಲಾಗಲಿ. ಪೈಥಾನ್‌ನ ಸ್ವಂತ ಡಾಕ್ಯುಮೆಂಟೇಶನ್ನೇ ರಿಕ್ವೆಸ್ಟ್ಸ್ ಬಳಸಿ ಅಂತ ಹೇಳುತ್ತದೆ.

ಹಾಗಾದರೆ ಒಳಗೆ ಇರಲೇಬೇಕಾದ್ದು ಯಾವುದು? ಉಳಿದದ್ದನ್ನೆಲ್ಲ ತರಿಸಿಕೊಡುವ ಪಿಪ್. 2014ರಲ್ಲಿ 3.4ರ ಜೊತೆ ಅದನ್ನು ಕೊಡಲು ಶುರು ಮಾಡಿದರು. ಆಮೇಲೆ ಪ್ಯಾಕೇಜುಗಳ ಮಾಹಿತಿ ಟಾಮಲ್ (ಸೆಟ್ಟಿಂಗ್‌ಗಳನ್ನು ಬರೆದಿಡುವ ಸರಳ ಪಠ್ಯ ರೂಪ) ಫೈಲ್‌ಗೆ ಬಂತು. ಅದನ್ನು ಪಿಪ್ ಓದಬೇಕು, ಓದುವ ಲೈಬ್ರರಿಯನ್ನೂ ಪಿಪ್ಪೇ ಹೊತ್ತು ತರಬೇಕು! ಅದಕ್ಕೇ 3.11ರಲ್ಲಿ ಟಾಮಲ್ ಓದುವ ಟಾಮ್‌ಲಿಬ್ ಸೇರಿಸಿದರು. ಅದೂ ಓದುವುದಕ್ಕೆ ಮಾತ್ರ. ಬರೆಯುವಾಗ ಕಾಮೆಂಟ್ ಉಳಿಸಬೇಕಾ, ಜೋಡಣೆ ಹೇಗಿರಬೇಕು ಅಂತ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ, ಹಾಗಾಗಿ ಆ ಭಾಗ ಬಿಟ್ಟರು. ನನಗೆ ಈ ತೀರ್ಮಾನ ತುಂಬಾ ಇಷ್ಟ.

ಆದರೆ ಉಬುಂಟು ಲಿನಕ್ಸ್‌ನವರು ವೆನ್ವ್ ಅನ್ನು (ಒಂದೊಂದು ಪ್ರಾಜೆಕ್ಟ್‌ನ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಪೈಥಾನ್ ಟೂಲ್) ಬೇರೆ ಪ್ಯಾಕೇಜ್ ಮಾಡಿ ಇಟ್ಟಿರುವುದು ನನಗೆ ಒಪ್ಪಿಗೆಯಿಲ್ಲ. ಕಲಿಯುವವರು ಮೊದಲ ದಿನವೇ ಅಲ್ಲಿ ಎಡವುತ್ತಾರೆ. ರಸ್ಟ್ ಅನ್ನುವ ಇನ್ನೊಂದು ಭಾಷೆಯವರ ದಾರಿ ನೋಡಿ: ಕಂಪೈಲರ್, ಪ್ಯಾಕೇಜ್ ತರಿಸುವ ಕಾರ್ಗೋ, ಸ್ಟ್ಯಾಂಡರ್ಡ್ ಲೈಬ್ರರಿ ಮಾತ್ರ ಇರುವ ಮಿನಿಮಲ್ ಒಂದು, ಅದರ ಮೇಲೆ ಕೋಡ್ ಅಚ್ಚುಕಟ್ಟು ಮಾಡುವ ರಸ್ಟ್‌ಫಮ್ಟ್, ತಪ್ಪು ತೋರಿಸುವ ಕ್ಲಿಪ್ಪಿ, ಆಫ್‌ಲೈನ್ ಡಾಕ್ಯುಮೆಂಟೇಶನ್ ಇರುವ ಡೀಫಾಲ್ಟ್ ಇನ್ನೊಂದು. ಸರ್ವರ್‌ಗೆ ಮೊದಲನೆಯದು ಸಾಕು, ವಿದ್ಯಾರ್ಥಿಗೆ ಎರಡನೆಯದೇ ಬೇಕು.

ನಿಮ್ಮ ಲ್ಯಾಬ್‌ಗೂ ಸುಮ್ನೆ ಸಿಕ್ಕಿದ್ದೆಲ್ಲ ತುಂಬಬೇಡಿ. ಸಿಲಬಸ್‌ಗೆ ಬೇಕಾದ ಪ್ಯಾಕೇಜುಗಳನ್ನು ಆವೃತ್ತಿ ಸಮೇತ ಒಂದು ಫೈಲ್‌ನಲ್ಲಿ ಬರೆಯಿರಿ. ಇಂಟರ್ನೆಟ್ ಚೆನ್ನಾಗಿರುವ ಕಡೆ ಪಿಪ್ ಬಳಸಿ ಅವನ್ನು ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತಂದು ಎಲ್ಲಾ ಮಷೀನ್‌ಗೂ ಹಾಕಿ. ಡೌನ್‌ಲೋಡ್ ಮಾಡುವ ಮಷೀನ್‌ನಲ್ಲೂ ಲ್ಯಾಬ್‌ನಲ್ಲಿರುವ ಓಎಸ್, ಅದೇ ಪೈಥಾನ್ ಆವೃತ್ತಿ ಇರಲಿ, ಇಲ್ಲದಿದ್ದರೆ ಲೆಕ್ಕಾಚಾರದ ಲೈಬ್ರರಿ ನಂಪೈ ಥರದ್ದು ಇನ್‌ಸ್ಟಾಲ್ ಆಗದೇ ಹೋಗಬಹುದು. ಮ್ಯಾನುಯಲ್ ಈ ಸೆಮಿಸ್ಟರ್‌ನಲ್ಲೇ ಬದಲಿಸಲು ಆಗದಿದ್ದರೆ 3.12 ಹಾಕಿ. ಅದರಲ್ಲಿ ಸಿಜಿಐ ಇದೆ, 2028ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳೂ ಬರುತ್ತವೆ. ಅಷ್ಟರಲ್ಲಿ ಆ ಪಾಠವನ್ನು ವೆಬ್ ಪ್ರೋಗ್ರಾಂ ಬರೆಯುವ ಪೈಥಾನ್ ಲೈಬ್ರರಿ ಫ್ಲಾಸ್ಕ್‌ಗೆ ಬದಲಿಸಿಕೊಳ್ಳಿ.