ದೋಣಿಯ ಔಟ್‌ಬೋರ್ಡ್ ಇಂಜಿನ್ ಸ್ಲೋ ಮಾಡಿದಾಗ ನಡುಗಿ ಆಫ್ ಆಗೋದೇಕೆ?

ಜೋರಾಗಿ ಓಡಿಸಿದರೆ ಸರಿ ಇದೆ, ಸ್ಲೋ ಮಾಡಿದರೆ ಮಾತ್ರ ನಡುಗುತ್ತದೆ ಅಂದಿದ್ದೀರಿ. ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಇಂಜಿನ್ ಆಗಿದ್ದರೆ ನನಗೆ ಮೊದಲ ಅನುಮಾನ ಸ್ಲೋ ಜೆಟ್ ಮೇಲೆ, ಅಂದರೆ ಸ್ಲೋ ಇದ್ದಾಗ ಪೆಟ್ರೋಲ್ ಬಿಡುವ ಅದರೊಳಗಿನ ಸಣ್ಣ ನಳಿಕೆ. ಅದರ ತೂತು ಕೂದಲೆಳೆಯಷ್ಟು ಸಣ್ಣದು, ಹಳೇ ಪೆಟ್ರೋಲಿನ ಅಂಟು ಕೂತರೆ ಮುಗೀತು. ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೆಯಿರಿ. ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ಅದಕ್ಕೂ ಮುಂಚೆ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಬಿಡಿ. ಆಲಮಟ್ಟಿ ಹಿನ್ನೀರಲ್ಲಿ ಮಳೆಗಾಲವಿಡೀ ಸುಮ್ನೆ ನಿಂತ ದೋಣಿ ಅಲ್ವಾ? ಈಗಿನ ಎಥನಾಲ್ ಪೆಟ್ರೋಲ್ ನೀರು ಹೀರುತ್ತದೆ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಹೊಳೆಗೆ ಮಾತ್ರ ಸುರಿಯಬೇಡಿ.

ಸ್ಪಾರ್ಕ್ ಪ್ಲಗ್ಗುಗಳನ್ನೂ ನೋಡಿ. ಒಂದು ಕಂದು, ಇನ್ನೊಂದು ಒದ್ದೆ ಮಸಿ ಇದ್ದರೆ ಆ ಸಿಲಿಂಡರ್ ಉರಿಯುತ್ತಿಲ್ಲ.

ದಡದ ಮೇಲೆ ಟೆಸ್ಟ್ ಮಾಡುವುದಾದರೆ ಕೆಳಭಾಗ ನೀರಿನ ಡ್ರಮ್ಮಿನಲ್ಲಿರಲಿ. ಒಣಗಿದ್ದಾಗ ಓಡಿಸಿದರೆ ಇಂಪೆಲ್ಲರ್ (ಇಂಜಿನ್ ತಂಪಾಗಿಸಲು ನೀರೆಳೆಯುವ ಪಂಪಿನ ರಬ್ಬರ್ ಚಕ್ರ) ಹಾಳಾಗುತ್ತದೆ.