ಊರೂರು ಸುತ್ತುವ ಕೆಲಸ, ಮೂಲೆ ಸೇರಿದ ಸೈಕಲ್

ಪ್ರಶ್ನೆ: ನನಗೆ 44 ವರ್ಷ. ಮಡಿಕೇರಿಯಲ್ಲಿ ವಾಸ, ಕಾಫಿ ಖರೀದಿ ಸಂಸ್ಥೆಯೊಂದರಲ್ಲಿ ಉದ್ಯೋಗ. ಊರಿನಲ್ಲಿದ್ದರೆ ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿಯುತ್ತೇನೆ. ಭಾನುವಾರ ಭಾಗಮಂಡಲಕ್ಕೆ ಹೋಗಿ ಬರುವುದೂ ಉಂಟು. ಆದರೆ ಕೊಯ್ಲಿನ ಕಾಲದಲ್ಲಿ, ಅಂದರೆ ಮಳೆ ನಿಂತು ರಸ್ತೆ ಒಣಗಿರುವ ತಿಂಗಳುಗಳಲ್ಲೇ, ವಾರದ ನಾಲ್ಕೈದು ದಿನ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಎಂದು ಸುತ್ತಬೇಕಾಗುತ್ತದೆ. ಮಾರ್ಚ್ ಹೊತ್ತಿಗೆ ಸಣ್ಣ ಏರಿನಲ್ಲೂ ಏದುಸಿರು ಬರುತ್ತದೆ. ಲಾಡ್ಜ್‌ನಲ್ಲಿ ಇದ್ದುಕೊಂಡೇ ದಮ್ಮು ಉಳಿಸಿಕೊಳ್ಳಲು ದಾರಿ ಇದೆಯೇ? ಮಡಚುವ ಸೈಕಲ್ ಕೊಳ್ಳಬಹುದೇ?
– ಓದುಗರು, ಮಡಿಕೇರಿ

ಉತ್ತರ: ಊರಿನಲ್ಲಿ ತುಳಿಯುವಷ್ಟು ಹೊತ್ತನ್ನು ಹೊರಗೂ ಹೊಂದಿಸಿಕೊಳ್ಳಲು ಹೋಗಬೇಡಿ; ಅದು ಆಗುವ ಮಾತಲ್ಲ, ಅಗತ್ಯವೂ ಇಲ್ಲ. ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದೇ ವಿಷಯವನ್ನು ಪರೀಕ್ಷಿಸಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣವಾಗಿ ಅಭ್ಯಾಸ ಮಾಡಿದವರಲ್ಲಿ ಕೆಲವರು ಅದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೂ, ಶ್ರಮದ ತೀವ್ರತೆಯನ್ನು ಮೊದಲಿನಂತೆಯೇ ಇಟ್ಟುಕೊಂಡದ್ದರಿಂದ, ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯವು 15 ವಾರಗಳ ಕಾಲ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹೊತ್ತನ್ನು ಕಡಿಮೆ ಮಾಡದೆ ತೀವ್ರತೆಯನ್ನು ತಗ್ಗಿಸಿದವರಲ್ಲಿ ಮಾತ್ರ ಅದು ಕುಸಿಯಿತು. ಆದ್ದರಿಂದ ರಾತ್ರಿ ಊಟವಾದ ಮೇಲೆ ಪೇಟೆಯಲ್ಲಿ ಒಂದು ಸುತ್ತು ನಡೆದು ಬಂದರೆ ಮನಸ್ಸಿಗೆ ಹಿತವಾಗಬಹುದೇ ಹೊರತು ನಿಮ್ಮ ಏದುಸಿರಿಗೆ ಅದು ಮದ್ದಲ್ಲ.

ಸೈಕಲ್ ಬಿಟ್ಟ ಕೆಲವೇ ದಿನಗಳಲ್ಲಿ ಮೊದಲು ಕುಗ್ಗುವುದು ರಕ್ತದಲ್ಲಿನ ದ್ರವಾಂಶ. ಆಗ ಹೃದಯವು ಒಂದು ಬಡಿತಕ್ಕೆ ಹೊರದೂಡುವ ರಕ್ತ ಕಡಿಮೆಯಾಗಿ, ಅದೇ ಏರಿಗೆ ನಾಡಿ ಹೆಚ್ಚು ಬಡಿಯುತ್ತದೆ. ಸ್ನಾಯುಗಳ ಒಳಗಿನ ನಷ್ಟ ನಿಧಾನದ್ದು, ವಾರಗಟ್ಟಲೆ ಹಿಡಿಯುತ್ತದೆ. ಹೀಗಾಗಿ ಒಂದು ವಾರ ತಪ್ಪಿದರೆ ಚಿಂತೆಯಿಲ್ಲ. ಇಡೀ ಕೊಯ್ಲು ತಪ್ಪಿದಾಗಲೇ ನೀವು ಹೇಳುವ ಸ್ಥಿತಿ ಬರುತ್ತದೆ.

ಪ್ರವಾಸದ ವಾರದಲ್ಲಿ ಎರಡು ಸಂಜೆಗಳನ್ನು ಮಾತ್ರ ಇದಕ್ಕೆಂದು ಮೀಸಲಿಡಿ. ತಂಗುವಲ್ಲಿ ಅಥವಾ ಹತ್ತಿರದ ಜಿಮ್‌ನಲ್ಲಿ ವ್ಯಾಯಾಮದ ಸೈಕಲ್ ಇದ್ದರೆ, ಹತ್ತು ನಿಮಿಷ ಹಗುರವಾಗಿ ತುಳಿದು, ಬಳಿಕ ನಾಲ್ಕು ನಿಮಿಷ ಜೋರಾಗಿ, ಮೂರು ನಿಮಿಷ ಸಾವಕಾಶವಾಗಿ, ಹೀಗೆ ನಾಲ್ಕು ಸಲ ಮಾಡಿ. ಮೂರು ನಾಲ್ಕು ಪದಕ್ಕಿಂತ ಹೆಚ್ಚು ಆಡಲಾಗದಿದ್ದರೆ ಅದು ಜೋರು ಎಂದು ತಿಳಿಯಿರಿ. ನಿಮ್ಮ ವಯಸ್ಸಿಗೆ ಗರಿಷ್ಠ ನಾಡಿಬಡಿತವನ್ನು ಅಂದಾಜು 177 ಎಂದು ಹಿಡಿದರೆ ಜೋರಿನ ಹೊತ್ತಿನಲ್ಲಿ 150ರಿಂದ 165ರ ನಡುವೆ ಇರಬೇಕು. ಆದರೆ ಈ ಲೆಕ್ಕ ಒಬ್ಬೊಬ್ಬರಿಗೆ ಹತ್ತು ಬಡಿತದಷ್ಟು ಆಚೀಚೆ ಆಗುವುದರಿಂದ ಮಾತಿನ ಪರೀಕ್ಷೆಯೇ ಮೇಲು. ಯಂತ್ರ ತೋರಿಸುವ ಕ್ಯಾಲೊರಿಯನ್ನಂತೂ ನಂಬಬೇಡಿ.

ಹತ್ತುವ ಮೊದಲು ಸೀಟಿನ ಎತ್ತರ ನೋಡಿಕೊಳ್ಳಿ. ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಆಗ ಮಂಡಿ ತುಸು ಬಾಗಿರುತ್ತದೆ. ಹಿಂದಿನವರು ತಗ್ಗಿಸಿಟ್ಟ ಸೀಟಿನಲ್ಲೇ ತುಳಿದು ಮಂಡಿ ನೋಯಿಸಿಕೊಂಡವರು ಬಹಳ ಮಂದಿ. ನಮ್ಮ ರಸ್ತೆಗಳಲ್ಲಿ ಮೈಗೆ ತಾಗುವ ಗಾಳಿ ಕೋಣೆಯೊಳಗೆ ಇರುವುದಿಲ್ಲವಾದ್ದರಿಂದ ಫ್ಯಾನನ್ನು ಎದುರಿಗೇ ಇಡಿಸಿಕೊಳ್ಳಿ, ಇಲ್ಲದಿದ್ದರೆ ಸೆಕೆಗೇ ನಾಡಿ ಏರಿ ಕಾಲಿಗೆ ತಕ್ಕ ಕೆಲಸ ಸಿಗುವುದಿಲ್ಲ.

ಸೈಕಲ್ ಇಲ್ಲದ ಲಾಡ್ಜ್ ಆದರೆ ಮೆಟ್ಟಿಲು ಇದ್ದೇ ಇದೆ. ಎರಡೆರಡು ಮೆಟ್ಟಿಲು ಹಾಕಿ ಬಿರುಸಾಗಿ ಹತ್ತಿ, ಕಂಬಿ ಹಿಡಿದು ಒಂದೊಂದಾಗಿ ನಿಧಾನವಾಗಿ ಇಳಿಯಿರಿ. ಮರುದಿನ ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕಿಂತ ಹೆಚ್ಚಾಗಿ ಇಳಿದದ್ದರಿಂದ. ಇಪ್ಪತ್ತು ನಿಮಿಷ ಧಾರಾಳವಾಯಿತು.

ತೋಟದ ಮನೆಗಳ ಮಧ್ಯಾಹ್ನದ ಉಪಚಾರವನ್ನು ಬಲ್ಲವನಾಗಿ ಒಂದು ಮಾತು: ಅಂಥ ಊಟವಾದ ಮೇಲೆ ಮೂರು ಗಂಟೆಯಾದರೂ ಬಿಟ್ಟು ಶ್ರಮಿಸಿ. ಸಂಜೆ ಹೋದಲ್ಲೆಲ್ಲ ಕೊಡುವ ಕಾಫಿಯನ್ನೂ ಮಿತಿಯಲ್ಲಿಡಿ. ಅದರಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದಾರು ಗಂಟೆ ಬೇಕು, ನಿದ್ದೆ ಕೆಟ್ಟರೆ ಅಭ್ಯಾಸವೂ ಕೆಟ್ಟಿತು.

ಮಡಚುವ ಸೈಕಲ್ ನಿಮಗೆ ಬೇಡವೆಂದೇ ನನ್ನ ಅಭಿಪ್ರಾಯ. ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಗೊತ್ತಿಲ್ಲದ ತಿರುವುಗಳಲ್ಲಿ, ಕಾಫಿ ಮೂಟೆಯ ಲಾರಿಗಳ ನಡುವೆ, ಗುಂಡಿ ಸಿಕ್ಕರೆ ಎಗರುವ ಸಣ್ಣ ಚಕ್ರಗಳ ಮೇಲೆ ತುಳಿಯುವುದು ಜಾಣತನವಲ್ಲ. ಆ ಹಣಕ್ಕೆ ಮನೆಯ ಸೈಕಲ್ಲಿಗೆ ಒಳ್ಳೆಯ ದೀಪ, ಟಯರ್ ಹಾಕಿಸಿ.

ಕಠಿಣ ಅಭ್ಯಾಸದಿಂದ ದಮ್ಮು ಉಳಿದರೂ ದೀರ್ಘ ಹೊತ್ತು ತುಳಿಯುವ ತಾಳಿಕೆ ಸ್ವಲ್ಪ ಇಳಿಯುತ್ತದೆ. ಅದಕ್ಕಾಗಿ ಊರಿಗೆ ಬಂದ ಭಾನುವಾರಗಳಲ್ಲಿ ಎರಡು ಗಂಟೆಯಾದರೂ ತುಳಿಯಿರಿ. ಕೊಯ್ಲು ಮುಗಿದ ಮೊದಲ ವಾರವೇ ಭಾಗಮಂಡಲದಿಂದ ತಲಕಾವೇರಿಯ ಎಂಟು ಕಿಲೋಮೀಟರ್ ಏರಿಗೆ ಕೈ ಹಾಕಬೇಡಿ. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಶ್ರಮದಲ್ಲಿ ಎದೆ ಹಿಡಿದಂತಾಗುತ್ತಿದ್ದರೆ, ಇದನ್ನೆಲ್ಲ ಆರಂಭಿಸುವ ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ತರಬೇತಿಗಾಗಿ ಒಂದು ತಿಂಗಳು ಮೈಸೂರಿನಲ್ಲಿರಬೇಕು. ಅಲ್ಲಿನ ಸಮತಟ್ಟು ರಸ್ತೆಯಲ್ಲಿ ತುಳಿದರೆ ನಮ್ಮ ಏರುಗಳ ಅಭ್ಯಾಸ ತಪ್ಪುವುದಿಲ್ಲವೇ?
– ಓದುಗರು, ವಿರಾಜಪೇಟೆ

ಉತ್ತರ: ಒಂದು ತಿಂಗಳೆಂದರೆ ಸೈಕಲ್ಲನ್ನೇ ಒಯ್ಯಿರಿ. ಚಾಮುಂಡಿ ಬೆಟ್ಟದ ರಸ್ತೆ ಇರುವಾಗ ಏರಿಗೆ ಬರವಿಲ್ಲ. ವಾರಕ್ಕೆ ಎರಡು ದಿನ, ವಾಹನಗಳು ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ, ಒಂದು ಸಲ ಕುಳಿತೇ ಹತ್ತಿ, ಇನ್ನೊಂದು ಸಲ ನಡುನಡುವೆ ಎದ್ದು ನಿಂತು ತುಳಿಯಿರಿ. ಉಳಿದ ದಿನ ಸಮತಟ್ಟಿನಲ್ಲಿ ಒಂದು ಗಿಯರ್ ಭಾರ ಮಾಡಿಕೊಂಡು ಎದುರು ಗಾಳಿಯ ಕಡೆಗೆ ಹೋಗಿ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಿರಿ.